ಮೂರು ಕೋಣೆಯ ಪೋಷಣಾ ಚೀಲ: ಬಳ್ಳಾರಿಯ ಐಸಿಯುನಲ್ಲಿ ಬಳಸಿ ಕಂಡದ್ದು

ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಬಾಯಿಯಿಂದಲೂ ಮೂಗಿನ ನಳಿಕೆಯಿಂದಲೂ ಆಹಾರ ಕೊಡಲಾಗದ ವಯಸ್ಕರಿಗೆ ರಕ್ತನಾಳದ ಮೂಲಕವೇ ಪೂರ್ಣ ಪೋಷಣೆ ಕೊಡಲು ನಾವು ಬಳ್ಳಾರಿಯ ಐಸಿಯುನಲ್ಲಿ ಮೂರು ಕೋಣೆಯ ಚೀಲವನ್ನೇ ಹೆಚ್ಚಾಗಿ ಬಳಸುತ್ತೇವೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನಾನು ಈ ಚೀಲವನ್ನು ಮೆಚ್ಚುತ್ತೇನೆ. ಆದರೆ ಇದನ್ನು ಸಾಮಾನ್ಯ ಸಲೈನ್‌ನಂತೆ ತಂದು ಹಚ್ಚುವ ರೂಢಿಯನ್ನು ಮೆಚ್ಚುವುದಿಲ್ಲ.

ಚೀಲದ ರಚನೆಯಲ್ಲೇ ಅದರ ಗುಣವಿದೆ. ಗ್ಲೂಕೋಸ್, ಅಮೈನೊ ಆಮ್ಲ, ಕೊಬ್ಬಿನ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಹರಡಿದ ಎಣ್ಣೆ) ಈ ಮೂರೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಚೀಲವನ್ನು ಸುರುಳಿ ಸುತ್ತಿ ಒತ್ತಿದಾಗ ನಡುವಿನ ಅಂಟು ಬಿಟ್ಟು ಎಲ್ಲವೂ ಬೆರೆಯುತ್ತವೆ. ಗ್ಲೂಕೋಸ್ ಮತ್ತು ಅಮೈನೊ ಆಮ್ಲಗಳನ್ನು ಮೊದಲೇ ಬೆರೆಸಿ ಕಾಯಿಸಿದರೆ ಅಥವಾ ಬಹುಕಾಲ ಇಟ್ಟರೆ ಅವು ಪರಸ್ಪರ ವರ್ತಿಸಿ ಕಂದುಬಣ್ಣಕ್ಕೆ ತಿರುಗುತ್ತವೆ. ಇನ್ನು ಕೊಬ್ಬಿನ ಹನಿಗಳು ತಮ್ಮ ಮೇಲಿನ ಋಣ ವಿದ್ಯುದಂಶದಿಂದಾಗಿ ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿರುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾದರೆ, ಅದಕ್ಕಿಂತಲೂ ಮುಖ್ಯವಾಗಿ ಕಬ್ಬಿಣ ಸೇರಿದರೆ, ಆ ವಿದ್ಯುದಂಶ ಕುಗ್ಗಿ ಹನಿಗಳು ಕೂಡಿಕೊಂಡು ಎಣ್ಣೆ ಬೇರ್ಪಡುತ್ತದೆ. ಹಳದಿ ಎಣ್ಣೆಯ ಗೆರೆ ಕಂಡ ಚೀಲವನ್ನು ಯಾವ ಕಾರಣಕ್ಕೂ ರೋಗಿಗೆ ಹಚ್ಚಬಾರದು.

ನನಗೆ ಹೆಚ್ಚು ಆತಂಕ ತರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಇವೆರಡೂ ಕೂಡಿದರೆ ಕರಗದ ಹರಳಾಗಿ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಇದರಿಂದ ಸಾವುಗಳು ಸಂಭವಿಸಿದ್ದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1994ರಲ್ಲಿ ಎಚ್ಚರಿಕೆ ಹೊರಡಿಸಿತು. ಹಲವು ಚೀಲಗಳಲ್ಲಿ ಕ್ಯಾಲ್ಸಿಯಂನೊಡನೆ ಸುಲಭವಾಗಿ ಹರಳುಗಟ್ಟದ ಗ್ಲಿಸರೋಫಾಸ್ಫೇಟ್ ಎಂಬ ಬಗೆಯ ಫಾಸ್ಫೇಟ್ ಇರುವುದರಿಂದ ಕಂಪನಿ ತುಂಬಿಕೊಟ್ಟ ಮಿಶ್ರಣ ಸುರಕ್ಷಿತವೇ. ಅಪಾಯ ಹೆಚ್ಚುವುದು ರಕ್ತಪರೀಕ್ಷೆಯ ಫಲಿತಾಂಶ ನೋಡಿ ನಾವು ವಾರ್ಡಿನಲ್ಲಿ ಪೊಟ್ಯಾಸಿಯಂ ಫಾಸ್ಫೇಟ್, ಕ್ಯಾಲ್ಸಿಯಂ ಇಂಜೆಕ್ಷನ್‌ಗಳನ್ನು ಮೇಲಿಂದ ಸೇರಿಸುವಾಗ. ಶಾಖ ಹೆಚ್ಚಿದಂತೆ ಈ ಹರಳುಗಟ್ಟುವಿಕೆಯೂ ಹೆಚ್ಚುತ್ತದೆ ಎಂಬುದನ್ನು 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಕೆಲಸ ಮಾಡುವವರು ವಿಶೇಷವಾಗಿ ನೆನಪಿಡಬೇಕು. ಕೊಬ್ಬಿನಿಂದ ಹಾಲಿನಂತೆ ಬಿಳುಪಾದ ಚೀಲದಲ್ಲಿ ಬಿಳಿ ಹರಳು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ 1.2 ಮೈಕ್ರಾನ್ ಫಿಲ್ಟರ್ ಇಲ್ಲದೆ ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಸಾಮಾನ್ಯವಾಗಿ ಈ ಚೀಲಗಳಲ್ಲಿ ವಿಟಮಿನ್‌ಗಳು ಇರುವುದಿಲ್ಲ ಎಂಬುದು ರೋಗಿಯ ಕಡೆಯವರಿಗೆ ತಿಳಿದಿರುವುದಿಲ್ಲ. ಅವನ್ನು ಬೇರೆಯಾಗಿ ತರಿಸಿ ಹಚ್ಚುವ ಹೊತ್ತಿಗೆ ಸೇರಿಸಬೇಕು. ವಿಟಮಿನ್ ಸಿ ಆಮ್ಲಜನಕದಿಂದ ಹಾಳಾಗುತ್ತದೆ, ತಾಮ್ರವಿದ್ದರೆ ಇನ್ನೂ ಬೇಗ, ಮತ್ತು ವಿಟಮಿನ್ ಎ ಬೆಳಕಿಗೆ ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯ ಥಯಮಿನ್ (ವಿಟಮಿನ್ ಬಿ1): ಅದಿಲ್ಲದೆ ಗ್ಲೂಕೋಸ್ ಹರಿಸಿದರೆ ಜೀವಕೋಶಗಳು ಅದನ್ನು ಪೂರ್ತಿ ಉರಿಸಲಾರದೆ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ರೋಗಿಯ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಚೀಲದ ನಿಜವಾದ ಕೊರತೆ ಗೋಚರಿಸುವುದು ಬಹುದಿನ ಉಣ್ಣದೆ ಬಡಕಲಾಗಿ ಬರುವ ರೋಗಿಗಳಲ್ಲಿ. ಗ್ಲೂಕೋಸ್ ಒಳಹೋದೊಡನೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರೂ ಜೀವಕೋಶಗಳೊಳಗೆ ಸೇರಿ ರಕ್ತದ ಮಟ್ಟ ಕುಸಿಯುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಮೆಗ್ನೀಸಿಯಂ ಸರಿಪಡಿಸದೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಅದು ಮೂತ್ರದಲ್ಲಿ ಹೊರಟುಹೋಗುತ್ತದೆ. ಕ್ಯಾಲ್ಸಿಯಂ ಕೂಡ ಏರುವುದಿಲ್ಲ. ಚೀಲದಲ್ಲಿನ ಪ್ರಮಾಣಗಳು ಸ್ಥಿರವಾಗಿರುವುದರಿಂದ ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸಲು ಆಗದು. ನಿಧಾನವಾಗಿ ಆರಂಭಿಸಿ, ಈ ಲವಣಗಳನ್ನು ಬೇರೆ ಲೈನ್‌ನಲ್ಲಿ ಕೊಟ್ಟು, ದಿನದಿನವೂ ರಕ್ತ ಪರೀಕ್ಷಿಸುವುದೊಂದೇ ದಾರಿ. ಮೂತ್ರಪಿಂಡ ಸೋತವರಿಗಂತೂ ಲವಣರಹಿತ ಚೀಲವನ್ನೇ ಕೇಳಬೇಕು.

ತರಿಸುವಾಗ ಲೇಬಲ್ ಓದಿ ತರಿಸಿ. ಕೈಯ ನಾಳಕ್ಕೂ ಹೃದಯದ ಬಳಿಯ ದೊಡ್ಡ ನಾಳ ತಲುಪುವ ಸೆಂಟ್ರಲ್ ಲೈನ್‌ಗೂ ಇರುವ ಚೀಲಗಳು ನೋಡಲು ಒಂದೇ ತರಹ ಇರುತ್ತವೆ. ದ್ರಾವಣದ ಸಾಂದ್ರತೆ (ಆಸ್ಮೋಲಾರಿಟಿ) ಲೀಟರಿಗೆ 900 ಮಿಲಿಆಸ್ಮೋಲ್ ಮೀರಿದ ಚೀಲ ಕೈಯ ನಾಳವನ್ನು ಉರಿಯೂತಕ್ಕೆ ಗುರಿಮಾಡುತ್ತದೆ. ಕ್ಯಾಲ್ಸಿಯಂ ಇರುವ ಈ ಚೀಲ ಹರಿಯುತ್ತಿರುವ ಲೈನ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಕೊಡಬಾರದೆಂದು ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ ಬರೆದು ತಿಳಿಸುವುದೂ ಅಗತ್ಯ.