ಟ್ಯಾಕ್ಸ್ ಬಾಕಿ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ, ಹೆದರಿ ಒಪ್ಪಿಕೊಳ್ಳಲೂ ಬೇಡಿ

ಇನ್‌ಕಮ್ ಟ್ಯಾಕ್ಸ್ ಇಲಾಖೆಯಿಂದ 'ಇಷ್ಟು ಬಾಕಿ ಕಟ್ಟಿ' ಅಂತ ಮೇಲ್ ಬಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಎರಡು ತಪ್ಪು ಮಾಡಿದೆ. ಎರಡನೆಯದು ಇನ್ನೂ ದೊಡ್ಡದು.

2022ರ ಮಾರ್ಚ್‌ನಲ್ಲಿ ಹಳೆ ಕಂಪನಿ ಬಿಟ್ಟೆ. ಅಲ್ಲಿ ಪ್ರತಿ ತಿಂಗಳೂ ಸಂಬಳದಲ್ಲಿ ಟಿಡಿಎಸ್ (ಸಂಬಳ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಿದ್ದರು, ಪೇಸ್ಲಿಪ್‌ನಲ್ಲೂ ಇತ್ತು. ಅದನ್ನೇ ನಂಬಿ ರಿಟರ್ನ್ ಹಾಕಿದೆ. ಆದರೆ ಹಿಡಿದ ಹಣವನ್ನು ಅವರು ಸರ್ಕಾರಕ್ಕೆ ಕಟ್ಟಿರಲೇ ಇಲ್ಲ. ತೆರಿಗೆ ಹಿಡಿದಿದ್ದಕ್ಕೆ ಕಂಪನಿ ಕೊಡಬೇಕಾದ ಸರ್ಟಿಫಿಕೇಟ್ ಆದ ಫಾರ್ಮ್ 16 ಕೊಡದೆ ಸತಾಯಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಿಮ್ಮ ಹೆಸರಲ್ಲಿ ಜಮಾ ಆದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಆ ಹಣ ಕಾಣದಿದ್ದರೆ, ಇಲಾಖೆಯ ಲೆಕ್ಕದಲ್ಲಿ ನೀವು ಕಟ್ಟಿಲ್ಲ ಅಂತಲೇ. ಅಕ್ಟೋಬರ್‌ನಲ್ಲಿ ಸೆಕ್ಷನ್ 143(1)ರ ಅಡಿ ಇಂಟಿಮೇಶನ್ (ರಿಟರ್ನ್ ನೋಡಿ ಇಲಾಖೆ ಕಳಿಸುವ ಲೆಕ್ಕದ ಪತ್ರ) ಬಂತು: 30 ದಿನದೊಳಗೆ 38,400 ರೂಪಾಯಿ ಕಟ್ಟಿ.

ಫೇಕ್ ಮೇಲ್ ಇರಬೇಕು ಅಂತ ಬಿಟ್ಟುಬಿಟ್ಟೆ. ಹಾಗೆ ಊಹೆ ಮಾಡುವ ಅಗತ್ಯವೇ ಇರಲಿಲ್ಲ. 2019ರ ಅಕ್ಟೋಬರ್‌ನಿಂದ ಇಲಾಖೆಯ ನೋಟಿಸ್‌ಗಳಿಗೆ ಡಿಐಎನ್ ಅಂತ ಒಂದು ನಂಬರ್ ಇರುತ್ತದೆ, ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಕೂಡ ಆಗದೆ ಅದು ಅಸಲಿಯೋ ನಕಲಿಯೋ ನೋಡಬಹುದು. ಆಮೇಲೆ ಕಂಪನಿಗೆ ಫೋನ್ ಮಾಡಿದಾಗ ಅಕೌಂಟ್ಸ್‌ನವರು 'ನಾವು ಸರಿ ಮಾಡಿಸ್ತೀವಿ, ನೀವು ಏನೂ ಮಾಡ್ಬೇಡಿ' ಅಂದರು. ನಂಬಿ ಕೂತೆ. ಆ 30 ದಿನ ಮುಗಿದ ಮೇಲೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೀಳುತ್ತದೆ, ತಿಂಗಳಲ್ಲಿ ಒಂದೇ ದಿನ ಆದರೂ ಪೂರ್ತಿ ತಿಂಗಳ ಬಡ್ಡಿ. 14 ತಿಂಗಳಿಗೆ 5,376 ರೂಪಾಯಿ ಆಯಿತು.

2024ರ ಆರಂಭದಲ್ಲಿ ಸೆಕ್ಷನ್ 245ರ ನೋಟಿಸ್. ಮುಂದಿನ ವರ್ಷದ ನನ್ನ ರಿಫಂಡನ್ನು ಈ ಬಾಕಿಗೆ ಹೊಂದಿಸಿಕೊಳ್ಳುತ್ತೇವೆ, 21 ದಿನದಲ್ಲಿ ಉತ್ತರ ಕೊಡಿ ಅಂತ. ಕೈಕಾಲು ಆಡಲಿಲ್ಲ. ಇನ್ನೂ ತಡವಾದರೆ ಏನಾಗುತ್ತದೋ ಅನ್ನೋ ಭಯದಲ್ಲಿ, ಪೋರ್ಟಲ್ ತೆರೆದು, ಸಿಎಯನ್ನೂ ಕೇಳದೆ, 'ಡಿಮ್ಯಾಂಡ್ ಈಸ್ ಕರೆಕ್ಟ್' ಅನ್ನೋದನ್ನು ಒತ್ತಿದೆ. ಒಮ್ಮೆ ಹಾಗೆ ಒಪ್ಪಿದರೆ ಪೋರ್ಟಲ್‌ನಲ್ಲಿ ಆಮೇಲೆ ಇಲ್ಲ ಅನ್ನುವ ಹಾಗಿಲ್ಲ. ರಿಫಂಡ್ ಹೋಯಿತು, ಉಳಿದದ್ದನ್ನು ಕೈಯಿಂದ ಕಟ್ಟಿದೆ.

ಆಮೇಲೆ ಗೊತ್ತಾಗಿದ್ದು ಸೆಕ್ಷನ್ 205. ಸಂಬಳದಿಂದ ಈಗಾಗಲೇ ಹಿಡಿದಿರುವ ತೆರಿಗೆಯನ್ನು ಮತ್ತೆ ನೌಕರನೇ ಕಟ್ಟಬೇಕು ಅಂತ ಕೇಳುವಂತಿಲ್ಲ ಅಂತ 1961ರ ಕಾಯ್ದೆಯಲ್ಲೇ ಇದೆ! ನಾನು 'ಪೆಂಡಿಂಗ್ ಆಕ್ಷನ್ಸ್' ಒಳಗೆ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್'ಗೆ ಹೋಗಿ 'ಡಿಸ್‌ಅಗ್ರೀ' ಆರಿಸಿ, ಪೇಸ್ಲಿಪ್ ಮತ್ತು ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ನನ್ನ ತೆರಿಗೆ ಲೆಕ್ಕ ನೋಡುವ ಅಸೆಸಿಂಗ್ ಆಫೀಸರ್‌ಗೆ ಬರೆಯಬೇಕಿತ್ತು. ಬಾಕಿಯಲ್ಲಿ ಒಂದು ಭಾಗ ನಿಜ, ಉಳಿದದ್ದು ತಪ್ಪು ಅನಿಸಿದರೆ ಅಷ್ಟಕ್ಕೆ ಮಾತ್ರ ಆಕ್ಷೇಪ ಹಾಕಬಹುದು. ಇದೆಲ್ಲ ಒಂದು ಸಂಜೆಯ ಕೆಲಸ, ಅಷ್ಟೇ ಅಲ್ವಾ.

ಈಗ ಆಫೀಸರ್‌ಗೆ ಪತ್ರ ಕೊಟ್ಟಿದ್ದೇನೆ, ಸ್ವೀಕೃತಿ ಸಿಕ್ಕಿದೆ, ಹಣ ಬಂದಿಲ್ಲ. ಕೆಲಸ ಬಿಡುವವರು ಕಂಪನಿಯ ಲಾಗಿನ್ ಬಂದ್ ಆಗುವ ಮೊದಲೇ ಎಲ್ಲ ಪೇಸ್ಲಿಪ್ ಇಳಿಸಿಕೊಳ್ಳಿ. ನನಗೆ ಮೂರು ತಿಂಗಳಿನವು ಎಷ್ಟು ಕೇಳಿದರೂ ಸಿಗಲಿಲ್ಲ.