ಹೊಸ ಜಡ್ಜ್ ಬಂದ ಮೇಲೆ ನಮ್ಮ ಕೋರ್ಟು: ಐದಕ್ಕೆ ಮೂರೂವರೆ ಸ್ಟಾರ್

ಮುಂಬೈ ಉಪನಗರದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನಾಲ್ಕು ವರ್ಷದಿಂದ ಅಲೆಯುತ್ತಿದ್ದೇನೆ. ಮದುವೆ ಊಟ ಮಾಡಿಸಿಕೊಂಡವರು ಕೊಟ್ಟ 84,000 ರೂಪಾಯಿ ಚೆಕ್ ಬೌನ್ಸ್ ಆಗಿತ್ತು. 138ನೇ ಸೆಕ್ಷನ್ ಕೇಸು. ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನೇ ಹೇಳುತ್ತದೆ. ನಗು ಬರುತ್ತದೆ, ಅಲ್ವಾ?

ಮೊದಲು ಇದ್ದದ್ದು ಒಬ್ಬರೇ ಜಡ್ಜ್. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ನಂಬರ್ 93. ಇಡ್ಲಿ ಹಿಟ್ಟನ್ನು ಹುಡುಗರ ಕೈಗೆ ಬಿಟ್ಟು ಹೋಗಿ, ಸಂಜೆ ಐದಕ್ಕೆ 'ಪುಢಚೀ ತಾರೀಖ್', ಅಂದರೆ ಮುಂದಿನ ತಾರೀಖು, ಅಂತ ಮರಾಠಿಯಲ್ಲಿ ಕೇಳಿಸಿಕೊಂಡು ವಾಪಸ್. ಸುಮ್ನೆ ಒಂದು ದಿನದ ವ್ಯಾಪಾರ ಹಾಳು.

ಈ ಮಳೆಗಾಲದಲ್ಲಿ ಇನ್ನೊಬ್ಬರು ಬಂದರು. ಅರ್ಧ ಫೈಲು ಅವರ ಕಡೆಗೆ ಹೋಯಿತು, ನನ್ನದೂ ಸೇರಿ. ನಂಬರ್ 31ಕ್ಕೆ ಇಳಿಯಿತು. ಮಧ್ಯಾಹ್ನ ಹನ್ನೆರಡೂವರೆಗೇ ಕರೆದರು! ಎದುರು ಪಾರ್ಟಿ ವಕೀಲರು ಮತ್ತೆ ಟೈಮ್ ಕೇಳಿದರು. ಮೇಡಂ ಕನ್ನಡಕದ ಮೇಲಿಂದ ಒಂದು ಸಲ ನೋಡಿದರು, ಅಷ್ಟೇ. ನನ್ನ ಪಾಟಿ ಸವಾಲು ಅವತ್ತೇ ಶುರುವಾಯಿತು.

ಒಂದೂವರೆ ಸ್ಟಾರ್ ಕಡಿಮೆ ಯಾಕೆಂದರೆ, ಜಡ್ಜ್ ಕೊಟ್ಟರು, ಹೇಳಿದ್ದನ್ನು ಟೈಪ್ ಮಾಡಿಕೊಳ್ಳುವ ಸ್ಟೆನೋ ಕೊಡಲಿಲ್ಲ. ಪಕ್ಕದ ಕೋರ್ಟಿನಿಂದ ಎರವಲು ತರುತ್ತಾರೆ, ಅವರು ಬರುವ ತನಕ ಎಲ್ಲರೂ ಫ್ಯಾನ್ ನೋಡುತ್ತಾ ಕೂರಬೇಕು. ಹತ್ತು ಲಕ್ಷ ಜನರಿಗೆ 50 ಜಡ್ಜ್ ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ನಮಗೆ ಸಿಕ್ಕಿದ್ದು ಒಬ್ಬರು. ಹೊರಗೆ ಬೆಂಚೂ ಒಂದೇ. ಹೋಗುವವರು ಬೇಗ ಹೋಗಿ.