ಆರ್ಡರ್ ಮೇಲ್ ಎಲ್ಲಿ ಹೋಯಿತು? ಸಣ್ಣ ಸೈಟಿಂದ ಮೇಲ್ ಕಳಿಸುವ ದಾರಿಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಯಾವ ದಾರಿ ಹಿಡಿದರೂ ಮೇಲ್ ಹೋಗುತ್ತದೆ, ಒಂದಲ್ಲ ಒಂದು ದಿನ ಹೋಗದೆಯೂ ಇರುತ್ತದೆ. ಹಾಗೆ ಹೋಗದ ದಿನ, ಯಾಕೆ ಹೋಗಲಿಲ್ಲ ಅಂತ ಯಾವ ದಾರಿ ಬಾಯಿಬಿಟ್ಟು ಹೇಳುತ್ತದೋ ಅದಕ್ಕೆ ನನ್ನ ಕಡೆಯಿಂದ ಜಾಸ್ತಿ ಅಂಕ. ಖರ್ಚು, ಸೆಟಪ್ಪು ಎಲ್ಲ ಆಮೇಲಿನ ಮಾತು.

ನಾನು ನೋಡಿಕೊಳ್ಳುವುದು ಒಂದು ಚಿಕ್ಕ ಕನ್ನಡ ಪುಸ್ತಕದ ಅಂಗಡಿಯ ಸೈಟು. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ್ದು, ಅದರ ಮೇಲೆ ಮಾರಾಟಕ್ಕೆ ವೂಕಾಮರ್ಸ್ ಪ್ಲಗಿನ್. ದಿನಕ್ಕೆ ಹೋಗಬೇಕಾದ ಮೇಲ್ ಹೆಚ್ಚೇನಿಲ್ಲ: ಆರ್ಡರ್ ಬಂತು, ಪುಸ್ತಕ ಕಳಿಸಿದೆವು, ಪಾಸ್‌ವರ್ಡ್ ಬದಲಿಸಿ, ಇಷ್ಟೇ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಬಿಟ್ಟಾಗ ಮಾತ್ರ ಒಂದಿಷ್ಟು ಏರುತ್ತದೆ. ದುಡ್ಡು ಕಟ್ಟಿದವರು "ಆರ್ಡರ್ ಆಯ್ತಾ ಸಾರ್?" ಅಂತ ವಾಟ್ಸಾಪ್‌ನಲ್ಲಿ ಕೇಳೋಕೆ ಶುರು ಮಾಡಿದ ಮೇಲೆ ಈ ಹುಡುಕಾಟ. ಕೆಲವರಿಗೆ ಮೇಲ್ ಬರುತ್ತದೆ, ಕೆಲವರಿಗಿಲ್ಲ. ನಿನ್ನೆ ಬಂದವರಿಗೆ ಇವತ್ತು ಇಲ್ಲ. ಪೂರ್ತಿ ಕೆಟ್ಟಿದ್ದರೆ ಹುಡುಕುವುದು ಸುಲಭ, ಅರ್ಧಂಬರ್ಧ ಕೆಟ್ಟರೆ ತಲೆನೋವು.

ಪರೀಕ್ಷೆ ಮಾಡಿದ ರೀತಿ ಸರಳ. ಒಂದೇ ಆರ್ಡರ್ ಮೇಲನ್ನು ಜಿಮೇಲ್, ಔಟ್‌ಲುಕ್, ಯಾಹೂ, ಒಂದು ಕಾಲೇಜಿನ ವಿಳಾಸ, ಹೀಗೆ ಬೇರೆ ಬೇರೆ ಕಡೆ ಕಳಿಸುವುದು. ಬಂತಾ, ಎಷ್ಟು ಹೊತ್ತಿಗೆ ಬಂತು, ಸ್ಪ್ಯಾಮ್‌ಗೆ ಬಿತ್ತಾ ನೋಡುವುದು. ಜಿಮೇಲ್‌ನಲ್ಲಿ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಕೊಟ್ಟರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸಾ ಫೇಲಾ ಅಂತ ಮೇಲ್ಗಡೆಯೇ ಕಾಣುತ್ತದೆ. ಬೇರೇನೂ ಮಾಡದಿದ್ದರೂ ಇದೊಂದು ನೋಡಿ. ಈ ಮೂರೂ, ಮೇಲ್ ನಿಜವಾಗಿ ಆ ಡೊಮೇನ್‌ನವರೇ (ಸೈಟಿನ ಹೆಸರಿನವರೇ) ಕಳಿಸಿದ್ದಾ ಅಂತ ನೋಡುವ ಪರೀಕ್ಷೆಗಳು: ಎಸ್‌ಪಿಎಫ್ ಅಂದರೆ ಯಾವ ಸರ್ವರ್ ಕಳಿಸಬಹುದು ಅನ್ನುವ ಪಟ್ಟಿ, ಡಿಕಿಮ್ ಅಂದರೆ ಮೇಲ್ ಮೇಲಿನ ಡಿಜಿಟಲ್ ಸಹಿ, ಡಿಮಾರ್ಕ್ ಏನು ಅಂತ ಮುಂದೆ ಬರುತ್ತದೆ.

ಮೊದಲನೆಯದು: ಹೋಸ್ಟಿಂಗ್ ಜೊತೆ ಬರುವ ಮೇಲ್

ಏನೂ ಸೆಟಪ್ ಮಾಡದಿದ್ದರೆ ವರ್ಡ್‌ಪ್ರೆಸ್ ಬಳಸುವುದು ಪಿಎಚ್‌ಪಿಯ ಮೇಲ್ ಫಂಕ್ಷನ್ನು. ಅದು ಮೇಲನ್ನು ಅದೇ ಸರ್ವರಿನಲ್ಲಿರುವ ಮೇಲ್ ಪ್ರೋಗ್ರಾಮಿನ ಕೈಗಿಟ್ಟು 'ಆಯ್ತು' ಅನ್ನುತ್ತದೆ. ಆ 'ಆಯ್ತು' ಅಂದರೆ ಗ್ರಾಹಕರಿಗೆ ತಲುಪಿತು ಅಂತಲ್ಲ, ನಮ್ಮ ಸರ್ವರಿನ ಬಾಗಿಲು ದಾಟಿತು ಅಂತಲೂ ಅಲ್ಲ. ಸೈಟು ಮಾತ್ರ ಎಲ್ಲ ಸರಿಯಿದೆ ಅಂತ ತೋರಿಸುತ್ತಿರುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಮೇಲ್‌ಗೆ ಎರಡು 'ಇಂದ' ವಿಳಾಸ ಇರುತ್ತವೆ, ಅಂಚೆಯಲ್ಲಿ ಲಕೋಟೆ ಮೇಲೆ ಒಂದು, ಒಳಗಿನ ಕಾಗದದ ತಲೆಯ ಮೇಲೆ ಒಂದು ಇದ್ದ ಹಾಗೆ. ಓದುವವರಿಗೆ ಕಾಣುವುದು ಒಳಗಿನದು. ಎಸ್‌ಪಿಎಫ್ ನೋಡುವುದು ಲಕೋಟೆಯದು. ನಮ್ಮ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಒಂದೇ ಸರ್ವರಿನಲ್ಲಿ ಹಲವರ ಸೈಟು) ಒಳಗೆ ಅಂಗಡಿಯ ಡೊಮೇನ್ ಇತ್ತು, ಲಕೋಟೆ ಮೇಲೆ ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರು. ಎಸ್‌ಪಿಎಫ್ ಪಾಸ್ ಅಂತ ಬರುತ್ತಿತ್ತು, ಆದರೆ ಪಾಸಾಗಿದ್ದು ಅವರ ಹೆಸರಿಗೆ! ಕಾಗದದ ಮೇಲಿನ ಡೊಮೇನ್‌ಗೂ ಪಾಸಾದ ಡೊಮೇನ್‌ಗೂ ಹೊಂದಿಕೆ ಇದೆಯಾ ಅಂತ ಕೇಳುವುದು ಡಿಮಾರ್ಕ್. ಅದು ಫೇಲ್. ಜೊತೆಗೆ ಒಂದೇ ಐಪಿ ವಿಳಾಸದಿಂದ, ಅಂದರೆ ಸರ್ವರಿನ ಇಂಟರ್‌ನೆಟ್ ಸಂಖ್ಯೆಯಿಂದ, ಇನ್ನೆಷ್ಟೋ ಸೈಟುಗಳ ಮೇಲ್ ಹೋಗುತ್ತದೆ. ಅದರಲ್ಲಿ ಯಾವನೋ ಸ್ಪ್ಯಾಮ್ ಕಳಿಸಿದರೆ ಆ ಐಪಿ ಸ್ಪ್ಯಾಮ್‌ಹೌಸ್ ಥರದ ಕಪ್ಪುಪಟ್ಟಿಗೆ ಸೇರುತ್ತದೆ, ನಾವೂ ಅದರ ಜೊತೆಗೆ. ನಿನ್ನೆ ಬಂದದ್ದು ಇವತ್ತು ಬರಲಿಲ್ಲ ಅನ್ನುವುದಕ್ಕೆ ಇದು ಒಂದು ಕಾರಣ.

ಲಾಗ್ (ಯಾವ ಮೇಲ್ ಏನಾಯಿತು ಅನ್ನುವ ದಾಖಲೆ) ಕೊಡಿ ಅಂತ ಹೋಸ್ಟಿಂಗ್ ಕಂಪನಿಯನ್ನು ಕೇಳಿದರೆ "ನಮ್ಮ ಕಡೆಯಿಂದ ಹೋಗಿದೆ" ಅನ್ನುವ ಒಂದೇ ಉತ್ತರ. ಹಾಗಾಗಿ ಅಂಕ ಕೊಡುವ ಮಾತೇ ಇಲ್ಲ.

ಇಲ್ಲೇ ಸಂಪರ್ಕ ಫಾರಂ ಬಗ್ಗೆ ಒಂದು ಮಾತು. ಎಷ್ಟೋ ಫಾರಂಗಳು, ತುಂಬಿದವರ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಹಾಕುತ್ತವೆ. ಯಾಹೂ 2014ರಲ್ಲೇ ತನ್ನ ಡೊಮೇನ್‌ನ ಡಿಮಾರ್ಕ್ ನೀತಿಯನ್ನು 'ರಿಜೆಕ್ಟ್'ಗೆ ಬದಲಿಸಿತು. ಅಂದರೆ ಯಾಹೂ ವಿಳಾಸ ಹಾಕಿಕೊಂಡು ನಿಮ್ಮ ಸರ್ವರ್ ಕಳಿಸಿದ ಮೇಲನ್ನು ತಿರಸ್ಕರಿಸಿ ಅಂತ ಯಾಹೂನೇ ಎಲ್ಲರಿಗೂ ಹೇಳಿಟ್ಟಿದೆ. ಕಳಿಸಿದವರ ಜಾಗದಲ್ಲಿ ನಿಮ್ಮ ಡೊಮೇನ್ ಇರಲಿ, ಅವರ ವಿಳಾಸ 'ರಿಪ್ಲೈ ಟು'ನಲ್ಲಿ ಇರಲಿ. ಯಾವ ದಾರಿ ಹಿಡಿದರೂ ಇದು ಬೇಕು.

ಎರಡನೆಯದು: ಜಿಮೇಲ್ ಖಾತೆಯಿಂದಲೇ

ಎಸ್‌ಎಂಟಿಪಿ ಪ್ಲಗಿನ್ (ಸೈಟಿನ ಮೇಲನ್ನು ಬೇರೆ ಮೇಲ್ ಸರ್ವರ್ ಮೂಲಕ ಕಳಿಸುವ ಸಾಧನ) ಹಾಕಿ, ಜಿಮೇಲ್ ಸರ್ವರ್ ಹೆಸರು, ಪೋರ್ಟ್ 587 ಕೊಟ್ಟರೆ ಮುಗಿಯಿತು. ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, 2022ರ ಮೇ ಕೊನೆಗೆ ಗೂಗಲ್ ಆ ದಾರಿ ಮುಚ್ಚಿತು. ಎರಡು ಹಂತದ ಪರಿಶೀಲನೆ ಹಾಕಿಕೊಂಡು 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು.

ತಲುಪುವ ವಿಷಯದಲ್ಲಿ ಇದು ನನಗೆ ಚೆನ್ನಾಗಿಯೇ ಕೆಲಸ ಮಾಡಿತು. ತಲುಪದಿದ್ದರೆ ಬೌನ್ಸ್ ಮೇಲ್ ಅದೇ ಇನ್‌ಬಾಕ್ಸ್‌ಗೆ ಬಂದು ಬೀಳುತ್ತದೆ, ಕಳಿಸಿದ್ದೆಲ್ಲ 'ಸೆಂಟ್'ನಲ್ಲಿ ಕಾಣುತ್ತದೆ. ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದ ಅಂಗಡಿಯವರಿಗೂ ಅರ್ಥವಾಗುವ ಲಾಗ್ ಅಂದರೆ ಇದೇ ಅಲ್ವಾ?

ಕೊರತೆಗಳೂ ಇವೆ. ಸಾಮಾನ್ಯ ಖಾತೆಗೆ ದಿನಕ್ಕೆ 500ರ ಮಿತಿ. ಮೀರಿದರೆ ಸ್ವಲ್ಪ ಹೊತ್ತು ಕಳಿಸುವುದೇ ನಿಲ್ಲುತ್ತದೆ, ಅದು 24 ಗಂಟೆಯವರೆಗೂ ಆಗಬಹುದು. ಅಂಗಡಿಯ ವಿಳಾಸ ಹಾಕಿದರೂ, ಅದನ್ನು ಆ ಖಾತೆಗೆ ಸೇರಿಸಿ ಖಚಿತಪಡಿಸದಿದ್ದರೆ ಜಿಮೇಲ್ ವಿಳಾಸವೇ ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಇದು: ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಅಂಗಡಿಯ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ, ಯಾವುದೋ ಎಚ್ಚರಿಕೆ ಓದಿ ಪಾಸ್‌ವರ್ಡ್ ಬದಲಿಸಿದರೆ ಸೈಟಿನ ಮೇಲ್ ಅಲ್ಲಿಗೆ ನಿಂತಿತು. ಬೌನ್ಸ್ ಕೂಡ ಬರುವುದಿಲ್ಲ, ಯಾಕೆಂದರೆ ಮೇಲ್ ಜಿಮೇಲ್‌ವರೆಗೆ ಹೋಗಿಯೇ ಇಲ್ಲ.

ಮೂರನೆಯದು: ಸ್ವಂತ ಸರ್ವರ್, ಪೋಸ್ಟ್‌ಫಿಕ್ಸ್

ಪೋಸ್ಟ್‌ಫಿಕ್ಸ್ ಅಂದರೆ ನಮ್ಮ ಸರ್ವರಿನಿಂದ ನಾವೇ ಮೇಲ್ ಕಳಿಸಲು ಬಳಸುವ ಪ್ರೋಗ್ರಾಮು. ನನಗೆ ಖುಷಿ ಕೊಟ್ಟದ್ದು ಇದು. ನಿಮಗೆ ಶಿಫಾರಸು ಮಾಡದಿರುವುದೂ ಇದನ್ನೇ.

ಖುಷಿ ಯಾಕೆಂದರೆ ಲಾಗ್. ಪ್ರತಿ ಮೇಲ್‌ಗೂ ಒಂದು ಸಾಲು, ಆ ಕಡೆಯ ಸರ್ವರ್ ಏನು ಹೇಳಿತು ಅನ್ನುವುದು ಅದರದೇ ಮಾತಿನಲ್ಲಿ. ಓದುವುದು ಕಷ್ಟವಿಲ್ಲ. 2ರಿಂದ ಶುರುವಾದರೆ ತೆಗೆದುಕೊಂಡೆ, 4ರಿಂದ ಆದರೆ ಈಗ ಬೇಡ ಆಮೇಲೆ ಬಾ, 5ರಿಂದ ಆದರೆ ಬರಲೇಬೇಡ. ಆ ಕಾಲೇಜಿನ ವಿಳಾಸಕ್ಕೆ ಮೇಲ್ ತಡವಾಗಿ ಹೋಗುತ್ತಿದ್ದ ಗುಟ್ಟು ಬಿಚ್ಚಿಕೊಂಡದ್ದು ಇಲ್ಲೇ. 450 ಅಂತ ಬರುತ್ತಿತ್ತು. ಗ್ರೇಲಿಸ್ಟಿಂಗ್ ಅದು: ಹೊಸಬರು ಬಂದರೆ ಮೊದಲ ಸಲ ವಾಪಸ್ ಕಳಿಸಿ, ಮತ್ತೆ ಬಂದರೆ ಒಳಗೆ ಬಿಡುವುದು. ಪೋಸ್ಟ್‌ಫಿಕ್ಸ್ ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ನಾವು ಏನೂ ಬದಲಿಸದಿದ್ದರೆ 5 ದಿನ ಬಿಡುವುದಿಲ್ಲ. ಅಂದಹಾಗೆ 250 ಅಂತ ಬಂದರೂ ಇನ್‌ಬಾಕ್ಸ್ ಸೇರಿತು ಅಂತ ಅರ್ಥವಲ್ಲ. ಒಳಗೆ ತೆಗೆದುಕೊಂಡ ಮೇಲೆ ಸ್ಪ್ಯಾಮ್‌ಗೆ ಹಾಕುವುದು ಅವರಿಷ್ಟ.

ಈ ದಾರಿಯಲ್ಲಿ ಸಿಕ್ಕ ಇನ್ನೊಂದು ಕಾರಣವನ್ನು ಮಾತ್ರ ಬಿಡಿಸಿಯೇ ಹೇಳಬೇಕು. ಒಂದೇ ಜಿಮೇಲ್ ವಿಳಾಸಕ್ಕೆ ಒಂದು ಸಲ ಹೋಗುತ್ತದೆ, ಇನ್ನೊಂದು ಸಲ 550 ಅಂತ ಬೌನ್ಸ್ ಆಗುತ್ತದೆ. ಮೇಲ್ ಅದೇ, ಸರ್ವರ್ ಅದೇ. ಲಾಗಿನ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಬೌನ್ಸ್ ಆದವೆಲ್ಲ ಐಪಿವಿ6 ವಿಳಾಸದಿಂದ ಹೋದವು. ಐಪಿವಿ4 ಹಳೆಯ ಬಗೆಯ ಐಪಿ ವಿಳಾಸ, ಐಪಿವಿ6 ಹೊಸ ಬಗೆಯದು; ನಮ್ಮ ಸರ್ವರಿಗೆ ಎರಡೂ ಇದ್ದವು. ಎರಡೂ ಇದ್ದಾಗ ಪೋಸ್ಟ್‌ಫಿಕ್ಸ್ ಒಮ್ಮೆ ಇದನ್ನು, ಒಮ್ಮೆ ಅದನ್ನು ಆರಿಸುತ್ತದೆ. ಎಸ್‌ಪಿಎಫ್‌ನಲ್ಲೂ ಐಪಿವಿ4 ಮಾತ್ರ, ಐಪಿಯಿಂದ ಹೆಸರು ಹೇಳುವ ಪಿಟಿಆರ್ ರೆಕಾರ್ಡೂ ಅದಕ್ಕೆ ಮಾತ್ರ ಇತ್ತು. ಐಪಿವಿ4 ಮಾತ್ರ ಬಳಸು ಅಂತ ಒಂದು ಸಾಲು ಬರೆದ ಮೇಲೆ ಆ ಕಾಟ ಹೋಯಿತು. ಎರಡಕ್ಕೂ ರೆಕಾರ್ಡ್ ಮಾಡುವುದು ಇನ್ನೂ ಸರಿಯಾದ ದಾರಿ.

ಹಾಗಾದರೆ ಶಿಫಾರಸು ಯಾಕಿಲ್ಲ? ಪೋರ್ಟ್ 25, ಅಂದರೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಮೇಲ್ ಹೋಗುವ ಬಾಗಿಲು. ಸರ್ವರ್ ಬಾಡಿಗೆಗೆ ಕೊಡುವ ಡಿಜಿಟಲ್‌ಓಶನ್, ಗೂಗಲ್ ಕ್ಲೌಡ್, ಅಮೆಜಾನ್ ಎಲ್ಲ ಕಡೆ ಹೊರಗೆ ಹೋಗುವ 25ನ್ನು ಮೊದಲೇ ಮುಚ್ಚಿರುತ್ತಾರೆ. ಸ್ಪ್ಯಾಮ್ ತಡೆಯಲು ಅದು ಸರಿಯೇ. ತೆರೆದಿರುವ ಕಡೆ ಸರ್ವರ್ ತೆಗೆದುಕೊಂಡರೆ ಆ ಐಪಿಯಲ್ಲಿ ಹಿಂದೆ ಇದ್ದವರು ಏನು ಮಾಡಿದ್ದರೋ ಅದರ ಹೆಸರೂ ನಿಮ್ಮ ತಲೆಗೆ ಬರುತ್ತದೆ. ದಿನಕ್ಕೆ ನಾಲ್ಕಾರು ಮೇಲ್ ಕಳಿಸುವ ಐಪಿಗೆ ಒಳ್ಳೆಯ ಹೆಸರು ಬೇಗ ಬರುವುದೂ ಇಲ್ಲ. ಪುಸ್ತಕ ಮಾರುವವರಿಗೆ ಈ ಉಸಾಬರಿ ಯಾಕೆ?

ನಾಲ್ಕನೆಯದು: ಮೇಲ್ ಕಳಿಸುವುದನ್ನೇ ಕಸುಬು ಮಾಡಿಕೊಂಡವರು

ಅಮೆಜಾನ್ ಎಸ್‌ಇಎಸ್ ಮತ್ತು ಬ್ರೆವೊ, ಎರಡನ್ನೂ ಬಳಸಿ ನೋಡಿದೆ.

ಎಸ್‌ಇಎಸ್ ಅಗ್ಗ, 1000 ಮೇಲ್‌ಗೆ 10 ಅಮೆರಿಕನ್ ಸೆಂಟ್. ಮುಂಬೈಯಿಂದಲೂ ಸೇವೆ ಇದೆ. ಶುರುವಿನಲ್ಲಿ 'ಸ್ಯಾಂಡ್‌ಬಾಕ್ಸ್' ಅನ್ನುವ ಹಂತ: 24 ಗಂಟೆಗೆ 200 ಮೇಲ್, ಅದೂ ಮೊದಲೇ ಖಚಿತಪಡಿಸಿದ ವಿಳಾಸಗಳಿಗೆ ಮಾತ್ರ. ಹೊರಬರಲು ಯಾರಿಗೆ, ಏನು ಕಳಿಸುತ್ತೀರಿ ಅಂತ ಬರೆದು ಕೇಳಿಕೊಳ್ಳಬೇಕು. ಬೌನ್ಸ್ 5 ಶೇಕಡಾ ಮುಟ್ಟಿದರೆ ನಿಮ್ಮ ಖಾತೆಯನ್ನು ಪರಿಶೀಲನೆಗೆ ಹಾಕಬಹುದು. ಬೌನ್ಸ್ ಆದದ್ದು ಮೇಲ್‌ನಲ್ಲಿ ತಿಳಿಯುತ್ತದೆ. ಪ್ರತಿ ಮೇಲ್‌ನ ಕತೆ ಬೇಕಾದರೆ ಮಾತ್ರ ಅಮೆಜಾನಿನದೇ ಇನ್ನೊಂದೆರಡು ಸೇವೆ ಜೋಡಿಸಬೇಕು. ಪ್ರೋಗ್ರಾಂ ಬರೆಯುವವರಿಗೆ ಸರಿ.

ಬ್ರೆವೊ ಉಚಿತ ಖಾತೆಯಲ್ಲಿ ದಿನಕ್ಕೆ 300. ನಮ್ಮಂಥ ಅಂಗಡಿಗೆ ಧಾರಾಳ. ಯಾರಿಗೆ ಹೋಯಿತು, ತಲುಪಿತಾ, ತಡವಾಯಿತಾ, ಬೌನ್ಸ್ ಆಯಿತಾ ಅನ್ನುವುದು ಒಂದೇ ಪಟ್ಟಿಯಲ್ಲಿ ಕಾಣುತ್ತದೆ. "ನನಗೆ ಮೇಲ್ ಬಂದಿಲ್ಲ" ಅಂತ ಯಾರಾದರೂ ಅಂದರೆ ಅವರ ವಿಳಾಸ ಹುಡುಕಿ ಫೋನಿನಲ್ಲೇ ಉತ್ತರ ಹೇಳಬಹುದು.

ಎರಡರಲ್ಲೂ ಗಮನಿಸಬೇಕಾದ್ದು, ತಡೆಪಟ್ಟಿ. ಒಂದು ವಿಳಾಸ ಒಮ್ಮೆ ಗಟ್ಟಿಯಾಗಿ ಬೌನ್ಸ್ ಆದರೆ ಸೇವೆ ಅದನ್ನು ಪಟ್ಟಿಗೆ ಸೇರಿಸಿಕೊಂಡು ಮುಂದೆ ಆ ವಿಳಾಸಕ್ಕೆ ಕಳಿಸುವುದೇ ಇಲ್ಲ. ಎಲ್ಲರಿಗೂ ಹೋಗುತ್ತದೆ, ಒಬ್ಬರಿಗೆ ಮಾತ್ರ ಹೋಗುವುದಿಲ್ಲ ಅಂದರೆ ಮೊದಲು ಅಲ್ಲಿ ನೋಡಿ. ಅವರ ಇನ್‌ಬಾಕ್ಸ್ ಸರಿಹೋಗಿ ವರ್ಷವಾಗಿದ್ದರೂ ಹೆಸರು ಪಟ್ಟಿಯಲ್ಲೇ ಉಳಿದಿರಬಹುದು.

ಕನ್ನಡದ ವಿಷಯಸಾಲು

ಇದು ನಮ್ಮ ಪಾಲಿನ ವಿಶೇಷ ತೊಂದರೆ. ಮೇಲ್ ತಲುಪುತ್ತದೆ, ವಿಷಯಸಾಲಿನ ನಡುವೆ ಪ್ರಶ್ನೆಚಿಹ್ನೆ ಇರುವ ಕಪ್ಪು ವಜ್ರ. ಮೊದಲ ಮೂರು ದಾರಿಯಲ್ಲೂ ಬಂತು, ಏಕೆಂದರೆ ತಪ್ಪು ದಾರಿಯದ್ದಲ್ಲ, ಬಿಲ್ ಕಳಿಸುತ್ತಿದ್ದ ಒಂದು ಹಳೆಯ ಸ್ಕ್ರಿಪ್ಟಿನದು. ಇಂಗ್ಲಿಷೇತರ ವಿಷಯಸಾಲನ್ನು ಸಂಕೇತಕ್ಕೆ ಬದಲಿಸಿ, 75 ಅಕ್ಷರ ಮೀರದ ತುಂಡುಗಳಾಗಿ ಕಳಿಸಬೇಕು ಅನ್ನುವುದು ನಿಯಮ. ಗುರುತಿನ ಚಿಹ್ನೆಗಳನ್ನು ಕಳೆದರೆ ಒಂದು ತುಂಡಿನಲ್ಲಿ ಹಿಡಿಸುವುದು 45 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಸ್ವರಚಿಹ್ನೆಗೆ 3 ಬೈಟ್. "ನಿಮ್ಮ ಪುಸ್ತಕಗಳು ಹೊರಟಿವೆ" ಅನ್ನುವುದನ್ನು ಬೈಟ್ ಎಣಿಸಿ ಕತ್ತರಿಸಿದರೆ ಕತ್ತರಿ ಬೀಳುವುದು 'ಹ'ದ ಹೊಟ್ಟೆಗೇ. ಅಕ್ಷರ ನೋಡಿ ಕತ್ತರಿಸಬೇಕು. ವರ್ಡ್‌ಪ್ರೆಸ್‌ನ ಸ್ವಂತ ಮೇಲ್ ಫಂಕ್ಷನ್ನು ಇದನ್ನು ಸರಿಯಾಗಿ ಮಾಡುತ್ತದೆ, ಸ್ಕ್ರಿಪ್ಟನ್ನೂ ಅದಕ್ಕೇ ಜೋಡಿಸಿದೆ.

ಯಾವ ದಾರಿ ಹಿಡಿದರೂ ಡಿಎನ್‌ಎಸ್ (ಡೊಮೇನ್‌ನ ವಿವರಗಳನ್ನು ಎಲ್ಲರಿಗೂ ಹೇಳುವ ದಾಖಲೆ) ಕೆಲಸ ತಪ್ಪುವುದಿಲ್ಲ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ರೆಕಾರ್ಡ್. ಹೊಸ ಸೇವೆ ಸೇರಿಸುವಾಗ ಹಳೆಯದರಲ್ಲೇ ಸೇರಿಸಿ, ಎರಡನೆಯದು ಬರೆದರೆ ಎರಡೂ ಕೆಡುತ್ತವೆ. ಅದರೊಳಗೆ ಡಿಎನ್‌ಎಸ್ ವಿಚಾರಣೆ 10 ಮೀರಬಾರದು. ಡಿಕಿಮ್ ಹಾಕಿ, ಯಾಕೆಂದರೆ ಗ್ರಾಹಕರು ಮೇಲನ್ನು ಇನ್ನೊಂದು ಖಾತೆಗೆ ಫಾರ್ವರ್ಡ್ ಇಟ್ಟಿದ್ದರೆ ಎಸ್‌ಪಿಎಫ್ ಮುರಿಯುತ್ತದೆ, ಡಿಕಿಮ್ ಸಹಿ ಸಾಮಾನ್ಯವಾಗಿ ಉಳಿಯುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ನಾವು ಅಷ್ಟು ಕಳಿಸುವುದಿಲ್ಲ ನಿಜ, ಆದರೆ ಚಿಕ್ಕವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಲೇಬೇಕು.

ಈಗ ಅಂಗಡಿಯ ಆರ್ಡರ್ ಮೇಲ್ ಬ್ರೆವೊ ಮೂಲಕ ಹೋಗುತ್ತಿದೆ. ರಿಯಾಯಿತಿಯ ಸುದ್ದಿಪತ್ರವನ್ನು ಬೇರೆ ಸಬ್‌ಡೊಮೇನ್‌ನಿಂದ, ಎಸ್‌ಇಎಸ್ ಮೂಲಕ ಕಳಿಸುತ್ತೇನೆ. ಸುದ್ದಿಪತ್ರವನ್ನು ಯಾರಾದರೂ ಸ್ಪ್ಯಾಮ್ ಅಂತ ಒತ್ತಿದರೆ ಅದರ ಏಟು ಆರ್ಡರ್ ಮೇಲ್‌ಗೆ ಆದಷ್ಟು ಕಡಿಮೆ ತಟ್ಟಲಿ ಅಂತ. ತಿಂಗಳಿಗೊಮ್ಮೆ ತಡೆಪಟ್ಟಿ ತೆರೆದು ನೋಡುತ್ತೇನೆ. ಅದರಲ್ಲಿ ಬಹುಪಾಲು ಚೆಕೌಟ್‌ನಲ್ಲಿ ಜಿಮೇಲ್ ಅನ್ನು ತಪ್ಪಾಗಿ ಟೈಪ್ ಮಾಡಿದವರೇ. ಅವರಿಗೆ ಮಾತ್ರ ಇವತ್ತಿಗೂ ವಾಟ್ಸಾಪ್.